ಎರಡು ಮೆಟ್ಟಿಲು ಕೆಳಗೆ

ಬೋರಾ ಬಜಾರಿನ ಮುರ್ತಜಾ ನನ್ನ ಹಳೇ ಕ್ಯಾಮೆರಾವನ್ನು
ಮಗುಚಿ ನೋಡಿ, ಊದಿ ನೋಡಿ,
ಅದರ ಹೊಟ್ಟೆಯೊಳಗಿನ ಲೆಕ್ಕ ತೆಗೆದ:
ಅರವತ್ತೊಂದು ಸಾವಿರದ ನಾನೂರ ಹನ್ನೆರಡು ಸಲ
ಕಣ್ಣು ಮಿಟುಕಿಸಿದೆಯಂತೆ.
‘ಎರಡು ಸಾವಿರ ಕೊಡಬಹುದು, ಅದೂ ನಿಮ್ಮ ಮುಖ ನೋಡಿ.’
ನನ್ನ ಮುಖ
ಆ ಅರವತ್ತೊಂದು ಸಾವಿರದಲ್ಲಿ ಒಂದರಲ್ಲೂ ಇಲ್ಲ.

ಸಸೂನ್ ಡಾಕಿನ ಐಸ್ ಕಂಪನಿಯಲ್ಲಿ ಗುಮಾಸ್ತ ನಾನು.
ರಾತ್ರಿ ಮೂರೂವರೆಗೆ ಹಾಜರಿ.
ಯಾವ ದೋಣಿಗೆಷ್ಟು ಗಡ್ಡೆ, ಯಾವ ಲಾರಿಗೆಷ್ಟು,
ಬರೆದು ಮುಗಿದ ಮೇಲೆ ಬೆಳಕು ಹರಿಯುವ ತನಕ
ಒಂದು ಗಂಟೆ ನನ್ನದು.
ಆ ಗಂಟೆಗೆಂದೇ ದೀಪಾವಳಿ ಬೋನಸ್ಸಿನಲ್ಲಿ ಕೊಂಡಿದ್ದೆ,
ಹದಿನೈದು ವರ್ಷದ ಹಿಂದೆ,
ಹಗಲಿಗೆಂದು ಮಾಡಿದ ಕ್ಯಾಮೆರಾ.

ಪಾಪ, ಅದಕ್ಕೆ ಇರುಳುಗುರುಡು.
ಐಎಸ್‌ಓ ಎಂಟುನೂರು ದಾಟಿದರೆ ಸಾಕು,
ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ,
ಕೆಂಪು ರವೆ, ನೀಲಿ ರವೆ,
ಹರಾಜು ಕೂಗುವವಳ ಮೂಗುಬೊಟ್ಟಿನ ಮೇಲೂ ರವೆ.
ನಿಧಾನ ಮಾಡಿದರೆ
ಬುಟ್ಟಿ ಹೊತ್ತವಳು ಹೊಗೆಯಾಗಿ ಹರಿಯುತ್ತಿದ್ದಳು,
ಎಸೆದ ಬಂಗುಡೆ ಗಾಳಿಯಲ್ಲಿ ಬರೀ ಒಂದು ಗೀರು.
ಫ್ಲ್ಯಾಶ್ ಹಾಕಬಹುದಿತ್ತು.
ಒಮ್ಮೆ ಹಾಕಿದ್ದೆ. ಇಡೀ ಧಕ್ಕೆ ಬಯ್ದಿತ್ತು.

‘ಇದ್ದದ್ದರಲ್ಲಿ ಕಾಣುವುದಿಲ್ಲವಾ?’ ಎಂದಿದ್ದ ವಾರಿಜಾ
ಅವಳಾಗಿಯೇ ಚೀಟಿ ಎತ್ತಿ ಕೊಟ್ಟಳು.

ಹೊಸದೆಂದರೆ ಹೊಸದೇನಲ್ಲ.
ಯಾವನೋ ಮದುವೆ ಫೋಟೋದವನ ಬೆವರಿಗೆ
ಹಿಡಿಕೆಯ ರಬ್ಬರು ನುಣ್ಣಗಾಗಿದೆ.
‘ಒಳಗಿನ ಸೆನ್ಸರ್ ನೋಡಿ, ಸಾಬ್. ನಿಮ್ಮದು ಚಮಚ,
ಇದು ಪರಾತ. ಮಳೆ ಯಾವುದರಲ್ಲಿ ಹೆಚ್ಚು ನಿಂತೀತು?’
ಹಳೇ ಲೆನ್ಸು ಇದಕ್ಕೂ ಕೂತಿತು, ಕಟಕ್ಕೆಂದು,
ಎರಡನೇ ಮದುವೆಯಲ್ಲಿ ಮೊದಲ ಸಲ ನಕ್ಕವರ ಹಾಗೆ.

ಮಾರನೆಯ ಜಾವ
ಹನ್ನೆರಡು ಸಾವಿರದ ಎಂಟುನೂರಕ್ಕೆ ಏರಿಸಿದೆ.
ರವೆಯಿಲ್ಲ.
ಮಂಜುಗಡ್ಡೆಯೊಳಗಿನ ಗುಳ್ಳೆ ಎಣಿಸಬಹುದು.
ಸಿಗಡಿಯ ಮೀಸೆ. ದೋಣಿಯ ಹೆಸರಿನಡಿ
ಬಣ್ಣ ಬಳಿದು ಮುಚ್ಚಿದ ಹಿಂದಿನ ಹೆಸರು.
ಮತ್ತೆ, ಇಷ್ಟು ವರ್ಷ ನಾನು ಕಪ್ಪು ಎಂದು ಬಿಟ್ಟಿದ್ದ ಮೂಲೆಯಲ್ಲಿ,
ಸಿಗಡಿ ಸುಲಿಯುವ ಶೆಡ್ಡಿನ ಹಿಂದೆ,
ರೂಪ್ಲಿಬಾಯಿ.
ಸೆರಗು ಜಾರಿದೆ.
ನಮ್ಮ ಕಂಪನಿಯ ಐಸಿನಲ್ಲಿ ಮರಗಟ್ಟಿದ ಎರಡೂ ಕೈ
ಬಿಸಿನೀರಿನ ಡಬ್ಬದೊಳಗೆ.
ಬಾಯಿ ತೆರೆದಿದೆ. ಅಳುವೋ ಆಕಳಿಕೆಯೋ
ಇಷ್ಟು ಸ್ಪಷ್ಟ ಚಿತ್ರದಲ್ಲೂ ತಿಳಿಯುವುದಿಲ್ಲ.

ಹುರುಪಿನಲ್ಲಿ ತೋರಿಸಿದೆ.
ವಿಜಯಪುರದ ಕಡೆಯ ತಾಂಡಾದವಳು,
ನನ್ನ ಕನ್ನಡಕ್ಕೆ ನಗುತ್ತಾಳೆ, ಅವಳದ್ದಕ್ಕೆ ನಾನು.
ಬೆರಳು ಸೆರಗಿಗೆ ಒರೆಸಿಕೊಂಡಳು,
ಆದರೂ ಮುಟ್ಟದೆ ನೋಡಿದಳು.
ಬಹಳ ಹೊತ್ತು ನೋಡಿದಳು.
‘ಚಲೋ ಬಂದೈತ್ರಿ.’
ಆಮೇಲೆ, ಡಬ್ಬ ಎತ್ತಿಕೊಳ್ಳುತ್ತ,
‘ಅಲ್ಲಿ ಕತ್ತಲಿತ್ತಲ್ರಿ ಅಣ್ಣಾ,
ಅದಕ್ಕಽ ಅಲ್ಲಿ ಕುಂತಿದ್ದೆ.’

ಅಳಿಸಲು ಹೋದರೆ ಖಾತ್ರಿಯೇ ಎಂದು ಕೇಳುತ್ತದೆ.
ಹಳೆಯದೂ ಕೇಳುತ್ತಿತ್ತು.

ಫೋಟೋದವರು ಸ್ಟಾಪ್ ಅನ್ನುವುದನ್ನು
ನಾನು ಮೆಟ್ಟಿಲು ಅನ್ನುತ್ತೇನೆ.
ಎಷ್ಟು ಬೇಕಾದರೂ ಹತ್ತಬಲ್ಲದು ಇದು, ದುಡ್ಡು ಕೊಟ್ಟದ್ದೇ ಅದಕ್ಕೆ.
ಇವತ್ತು ಎರಡು ಇಳಿಸಿಕೊಂಡು ನಿಂತಿದ್ದೇನೆ.
ದೀಪದಡಿಯ ತಕ್ಕಡಿ ಕಾಣುತ್ತದೆ,
ತಕ್ಕಡಿಯವನ ಮೊಣಕೈ, ಒಂದು ಬೆಕ್ಕು.
ಶೆಡ್ಡಿನ ಹಿಂದೆ ಏನೂ ಕಾಣುವುದಿಲ್ಲ.

ಯಾರೋ ಅಲ್ಲಿ ಡಬ್ಬ ಕೆಳಗಿಟ್ಟ ಸದ್ದು.